ಎತ್ತಿಕೊಳ್ಳದ ಬಾಯವ್ವ

ನಮ್ಮ ಬೈಲಹೊಂಗಲದಲ್ಲಿ ಜಡ್ಡು ಬಿದ್ದವರನ್ನು ಮಾತಾಡಿಸಲು ಹೋಗುವುದು ದೊಡ್ಡ ಧರ್ಮ. ಹೋಗದಿದ್ದರೆ ಹತ್ತು ವರ್ಷ ಆಡಿಕೊಳ್ಳುತ್ತಾರೆ. ಹೋದವರು ಒಂದು ಡಜನ್ ಬಾಳೆಹಣ್ಣು ಒಯ್ಯಬೇಕು, ಹಾಸಿಗೆಯ ಪಕ್ಕ ಕುಳಿತು ಹೀಗೇ ಬಿದ್ದು ಹೀಗೇ ಸತ್ತ ತಮ್ಮ ದೊಡ್ಡಪ್ಪನ ಕಥೆ ಹೇಳಬೇಕು, ಚಹಾ ಕುಡಿದು "ಧೈರ್ಯಾ ಬಿಡಬ್ಯಾಡ್ರಿ" ಎಂದು ಏಳಬೇಕು. ರೋಗಿಯ ಕೆಲಸ ಮಲಗಿರುವುದು. ಅವನು ಎದ್ದು ಕುಳಿತಿದ್ದರೆ ಬಂದವರಿಗೆ ಬಸ್ಸಿನ ಖರ್ಚು ದಂಡವಾಯಿತು ಅನ್ನಿಸುತ್ತದೆ. ಈ ಧರ್ಮಕ್ಕೆ ಎದುರು ನಿಂತ ಒಬ್ಬಳೇ ಹೆಣ್ಣುಮಗಳನ್ನು ನಾನು ಕಂಡಿದ್ದೇನೆ. ಅವಳು ಹೂಲಿಯ ಬಾಯವ್ವ.

ವಯಸ್ಸು ಐವತ್ತರ ಆಚೀಚೆ. ಗಿಡ್ಡ ಆಳು, ಕೆಳತುಟಿಯೊಳಗೆ ಯಾವಾಗಲೂ ಚೂರು ತಂಬಾಕು. ಮುದುಕರಿರುವ ಮನೆಯಲ್ಲೇ ಹಗಲು ರಾತ್ರಿ ಉಳಿದು ಅವರನ್ನು ನೋಡಿಕೊಳ್ಳುವುದು ಅವಳ ಉದ್ಯೋಗ. ಮೊದಲು ತನ್ನ ಅತ್ತೆಯನ್ನು ಒಂಬತ್ತು ವರ್ಷ ನೋಡಿಕೊಂಡಳು. ಅದನ್ನು ಯಾರೂ ಕೆಲಸ ಎನ್ನಲಿಲ್ಲ, ಸೊಸೆ ಅಂದಮೇಲೆ ಮಾಡಬೇಕು ಎಂದರು. ಅತ್ತೆ ತೀರಿಕೊಂಡ ಮೇಲೆ ಸವದತ್ತಿಯ ಒಂದು ಮನೆಗೆ ಹದಿನೈದು ದಿನಕ್ಕೆಂದು ಹೋಗಿ ನಾಲ್ಕು ವರ್ಷ ಉಳಿದಳು. ಆಗ ಅದೇ ಕೆಲಸಕ್ಕೆ ಪಗಾರ ಬಂತು. ಗಂಡ ಮಾಳಪ್ಪ ಹೂಲಿಯಲ್ಲಿ ಕುರಿ ಕಾಯುತ್ತ ತಾನೇ ರೊಟ್ಟಿ ಬಡಿಯಲು ಕಲಿಯುತ್ತಿದ್ದ. "ನನ್ನ ರೊಟ್ಟಿ ನಾಯಿ ಸುದ್ದಾ ಮೂಸಂಗಿಲ್ಲ" ಎಂದು ಫೋನಿನಲ್ಲಿ ಗೋಳಾಡಿದರೆ ಇವಳು, "ಬಡದಂಗ ಬಡದಂಗ ಬರತೈತಿ ತಗೋರಿ" ಎಂದು ಫೋನು ಇಡುತ್ತಿದ್ದಳು. ಅವಳ ವೈದ್ಯಶಾಸ್ತ್ರವೆಲ್ಲ ಇಷ್ಟೇ.

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಮಡಿವಾಳೆಪ್ಪ ಸಾವಕಾರರದು. ಎಂಬತ್ತೊಂದು ವರ್ಷ. ಒಂದು ಕಾಲಕ್ಕೆ ಹತ್ತಿ ಬಜಾರದಲ್ಲಿ ಅವರು ಕೆಮ್ಮಿದರೆ ಉಳಿದ ದಲಾಲರು ಸುಮ್ಮನಾಗುತ್ತಿದ್ದರು. ಅಂಥವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಬೆಳಗಾವಿಯಲ್ಲಿ ಆಪರೇಷನ್ ಮಾಡಿದ ಡಾಕ್ಟರು ಬಿಡಿಸಿ ಹೇಳಿದ್ದರು: ದಿನಕ್ಕೆ ಹತ್ತು ಸಲ ಏಳಬೇಕು, ಕೂಡಬೇಕು, ನಡೆಯಬೇಕು, ಮೂರು ತಿಂಗಳಲ್ಲಿ ಕಾಲಿಗೆ ಶಕ್ತಿ ಬರದಿದ್ದರೆ ಆಮೇಲೆ ಬರುವುದು ಕಷ್ಟ. ಸಾವಕಾರರಿಗೆ ಬೇಕಾಗಿದ್ದೂ ಒಂದೇ. "ಮಾಸ್ತರ, ನನಗ ಬಜಾರ ಬ್ಯಾಡ, ಗುಡಿ ಬ್ಯಾಡ. ನನ್ನ ಕಾಲಾಗ ನಾ ಬಚ್ಚಲಕ್ಕ ಹೋಗಿ ಬಾಗಲಾ ಹಾಕ್ಕೊಂಡ್ರ ಸಾಕು" ಎಂದು ನನ್ನ ಮುಂದೆ ಹೇಳಿದ್ದರು.

ಅವರೇನು ಒಂಟಿ ಮುದುಕರಲ್ಲ. ಮನೆ ತುಂಬ ಜನ, ಜನದ ತುಂಬ ಪ್ರೀತಿ. ಮಗ ವಿರೂಪಾಕ್ಷ, ಸೊಸೆ ನಾಗರತ್ನಾ, ಕಿತ್ತೂರಿಗೆ ಕೊಟ್ಟ ತಂಗಿ ರಾಚವ್ವ, ಇವರೆಲ್ಲ ಸೇರಿಯೇ ಬಾಯವ್ವನನ್ನು ಕರೆಸಿದ್ದು. ಬಂದ ದಿನವೇ ನಾಗರತ್ನಾ ಕೆಲಸ ಹೇಳಿದಳು.

"ಮಾವಾರು ಹಾಸಗಿ ಬಿಟ್ಟು ಏಳಬಾರದು ನೋಡ್ರಿ. ನೀರು ಸುದ್ದಾ ನೀವ ಕುಡಸ್ಬೇಕು. ಕೈಯಾಗ ಕಡ್ಡಿ ಹಿಡಿಗೊಡಬ್ಯಾಡ್ರಿ."

"ಡಾಕ್ಟರು ಏಳಸಾಕ ಹೇಳ್ಯಾರಂತಲ್ರಿ?"

"ಡಾಕ್ಟರು ಹೇಳತಾರ. ನಮಗ ಮನಸ್ಸಿಗೆ ಬರಬೇಕಲ್ಲ."

 ಬಾಯವ್ವನ ಲೋಟ ಹಿತ್ತಿಲ ಗೋಡೆಯ ಮಾಡದಲ್ಲಿ ಬೇರೆ ಇಟ್ಟರು. ಸಾವಕಾರರ ಮೈ ತೊಳೆಯುವ ಕೈ ಅಡುಗೆಮನೆಯ ಕೊಡ ಮುಟ್ಟಬಾರದಂತೆ.  ಮೂರನೆಯ ದಿನ ಅವಳು ಸಾವಕಾರರನ್ನು ವಾಕರ್ ಹಿಡಿಸಿ ನಿಲ್ಲಿಸಿದಳು. ಆರನೆಯ ದಿನ ಅವರು ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಬೆರಳಿಗೂ ಕೆಲಸ, ಮನಸ್ಸಿಗೂ ಕೆಲಸ ಎಂಬುದು ಬಾಯವ್ವನ ಲೆಕ್ಕ. ಮುದುಕರ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು.

ಸರಿಯಾಗಿ ಅದೇ ಹೊತ್ತಿಗೆ ಬಜಾರದ ಲಗಮಣ್ಣ ಬಾಳೆಹಣ್ಣಿನ ಚೀಲ ಹಿಡಿದು ಒಳಗೆ ಬಂದ. ಬಂದವನು ಶೇಂಗಾ ನೋಡಿದ, ಸಾವಕಾರರನ್ನು ನೋಡಿದ, ಚಹಾ ಕೂಡ ಪೂರ್ತಿ ಕುಡಿಯದೆ ಎದ್ದ. ಸಂಜೆಯ ಹೊತ್ತಿಗೆ, ಸೊಂಟ ಮುರಿದ ಅಪ್ಪನ ಕೈಲಿ ವಿರೂಪಾಕ್ಷ ಕಾಳು ಸುಲಿಸುತ್ತಾನೆ ಎಂದು ಇಡೀ ಬಜಾರಕ್ಕೆ ಗೊತ್ತಾಗಿತ್ತು. ರಾಮದುರ್ಗ ಮುಟ್ಟುವಷ್ಟರಲ್ಲಿ ಆ ಸುದ್ದಿಯಲ್ಲಿ ಶೇಂಗಾ ಎರಡು ಚೀಲವಾಗಿತ್ತು.

ವಿರೂಪಾಕ್ಷನ ಮಾನ ಹೋಯಿತು. ಅಂದಿನಿಂದ ಹೊಸ ಕಾಯಿದೆ: ಗೇಟಿನ ಚಿಲಕ ಸಪ್ಪಳವಾದ ಕೂಡಲೇ ಸಾವಕಾರರು ಹಾಸಿಗೆಯಲ್ಲಿರಬೇಕು, ವಾಕರ್ ಮಂಚದ ಕೆಳಗಿರಬೇಕು, ಮೇಲೆ ಮದುವೆಯಲ್ಲಿ ಬಂದ ಒಳ್ಳೆಯ ಚಾದರ ಹೊದಿಸಿರಬೇಕು. ಬಂದವರು ಕಣ್ಣು ಒದ್ದೆ ಮಾಡಿಕೊಂಡು ಹೋಗಬೇಕು. ಬರುವವರೇನು ಒಬ್ಬಿಬ್ಬರೇ? ಹತ್ತಿಯವರು, ಬೀಗರು, ಮಠದ ಕಡೆಯವರು, ಸವದತ್ತಿಗೆ ಕೋರ್ಟಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಇಳಿದವರು. ನಾನೂ ಮೂರು ಸಲ ಹೋದೆ. ಪಕ್ಕದ ಮನೆಯವನು ಎರಡು ಸಲಕ್ಕೆ ನಿಲ್ಲಿಸಿದರೆ ಹೇಗೆ ಕಾಣುತ್ತದೆ?

ಬಾಯವ್ವನಿಗೆ ಸಿಟ್ಟು ಬಂದಿದ್ದನ್ನು ನಾನು ಕಂಡದ್ದು ಒಂದೇ ಸಲ. ಒಂದೇ ದಿನ ಹನ್ನೊಂದು ಗುಂಪು ಬಂದು ಹೋದ ಮೇಲೆ ಹಿತ್ತಿಲ ಗೋಡೆಯ ಆಚೆಯಿಂದ ಕೂಗಿದಳು. "ಮಾಸ್ತರ್ರ, ಈ ಮಂದಿ ಅಪ್ಪಾರ್ನ ಮಾತಾಡಿಸಾಕ ಬರತಾರೋ, ಮಣ್ಣ ಮಾಡಾಕ ಬರತಾರೋ? ಡಾಕ್ಟರು ಕೊಟ್ಟಿದ್ದು ಮೂರ ತಿಂಗಳ್ರಿ. ಒಂದ ತಿಂಗಳಾ ಇವರ ಚಾದ್ದರ ಒಳಗ ಹೋತು."

ಮರುದಿನದಿಂದ ಅವಳು ಸುಮ್ಮನಾದಳು. ನಾನು ಸೋತಳು ಅಂದುಕೊಂಡೆ. ಒಂದು ದಿನ ನನ್ನ ಮಹಡಿಯ ಮೇಲೆ ನಿಂತು ನೋಡಿದಾಗ ಗೊತ್ತಾಯಿತು. ಸಾವಕಾರರು ಪಡಸಾಲೆಯ ಕುರ್ಚಿಯಲ್ಲಿದ್ದರು. ಚಿಲಕ ಸಪ್ಪಳವಾಯಿತು. ಬಾಯವ್ವ ಅವರನ್ನು ಮುಟ್ಟಲಿಲ್ಲ.

"ಬಂದ್ರ ನೋಡ್ರಿ ಅಪ್ಪಾರ. ಏಳ್ರಿ, ಓಡ್ರಿ!"

ಮುದುಕರು ವಾಕರ್ ಹಿಡಿದು ಎದ್ದು, ಕಳ್ಳ ಹುಡುಗನಂತೆ ನಗುತ್ತ ಪಟಪಟ ನಾಲ್ಕು ಹೆಜ್ಜೆ ಹಾಕಿ ಕೋಣೆ ಸೇರಿ ಮಲಗಿ ನರಳತೊಡಗಿದರು. ಬಂದವರು ಹೋದ ಮೇಲೆ ಮತ್ತೆ ತಾವೇ ಎದ್ದು ಬಂದರು. ಹನ್ನೊಂದು ಗುಂಪಿಗೆ ಹನ್ನೊಂದು ಸಲ ಏಳುವುದು, ಹನ್ನೊಂದು ಸಲ ಮಲಗುವುದು. ಡಾಕ್ಟರು ಹೇಳಿದ್ದಕ್ಕಿಂತ ಒಂದು ಹೆಚ್ಚೇ ಆಯಿತು. ಬಾಯವ್ವ ವಾರಕ್ಕೊಮ್ಮೆ ಕುರ್ಚಿಯನ್ನು ಅಷ್ಟಷ್ಟು ದೂರ ಸರಿಸುತ್ತಿದ್ದಳು. ಪಡಸಾಲೆಯಿಂದ ನಡುಮನೆ, ನಡುಮನೆಯಿಂದ ಹಿತ್ತಿಲ ಬಾಗಿಲು. ಇತ್ತ ವಿರೂಪಾಕ್ಷ ಎಲ್ಲರ ಮುಂದೆ, "ಅಪ್ಪಗ ಒಂದ ಹೆಜ್ಜಿ ಇಡಗೊಟ್ಟಿಲ್ರಿ" ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ಇಡೀ ತಾಲೂಕೇ ಬಾಳೆಹಣ್ಣು ಹಿಡಿದು ಬಂದು ಮುದುಕರಿಗೆ ಕವಾಯತು ಮಾಡಿಸುತ್ತಿತ್ತು, ಗೇಟಿಗೂ ಒಲೆಗೂ ಓಡುವ ಗಡಿಬಿಡಿಯಲ್ಲಿ ಮನೆಯವರಿಗೂ ಅದು ತಿಳಿದಿರಲಿಲ್ಲ. ನಾನು ಬೇಕೆಂದೇ ದಿನಕ್ಕೆರಡು ಸಲ ಚಿಲಕ ಬಡಿಯತೊಡಗಿದೆ.

ಎರಡು ತಿಂಗಳು ತುಂಬಿದ ವಾರ ವಾಕರ್ ಬದಲು ಕೋಲು ಬಂತು. ಒಂದು ಮಧ್ಯಾಹ್ನ ಸಾವಕಾರರು ಕೋಲೂರಿ ಒಬ್ಬರೇ ಬಚ್ಚಲಿಗೆ ನಡೆದರು. ಬಾಯವ್ವ ಕೈ ಹಿಡಿಯಲಿಲ್ಲ. ಬಿದ್ದರೆ ಹಿಡಿಯುವಷ್ಟು ಹತ್ತಿರ, ಹಿಂದೆ ಕೈಕಟ್ಟಿ ನಿಂತಳು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲು ಹಾಕಿದ ಸಪ್ಪಳ ಕೇಳಿ ಗೋಡೆಯ ಈಚೆ ನನಗೆ ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ?

ರಾಚವ್ವ ಮಾತ್ರ ಯಾವ ಕಾಲಕ್ಕೂ ಮುಂದಿನ ಗೇಟಿನಿಂದ ಬರುವವಳಲ್ಲ. ತವರು ಮನೆ ತನ್ನದೇ ಎಂದು ತೋರಿಸಲು ಹಿತ್ತಿಲಿನಿಂದ ಬರುತ್ತಾಳೆ. ಕಿತ್ತೂರಿನಿಂದ ಆಗತಾನೇ ಇಳಿದು ಬಂದವಳು ಇದನ್ನೆಲ್ಲ ಕಣ್ಣಾರೆ ಕಂಡಳು. ಚೀಲ ಅಲ್ಲೇ ಒಗೆದು ಎದೆ ಬಡಿದುಕೊಂಡಳು.

"ಅಯ್ಯಯ್ಯೋ! ನಮ್ಮಣ್ಣನ್ನ ಒಬ್ಬನ್ನ ಬಿಟ್ಟು ಇಕಿ ಕೈ ಕಟಗೊಂಡು ನಾಟಕಾ ನೋಡಾಕ ಹತ್ಯಾಳ! ಪಗಾರ ತಿನ್ನಾಕಿ ಎತಗೊಂಡ ಹೋಗಾಕ ಏನ ಧಾಡಿ? ಅಣ್ಣಾ, ಬಾಗಲಾ ತಗಿ!"

"ಏ ರಾಚೀ," ಒಳಗಿನಿಂದ ಸಾವಕಾರರ ದನಿ ಬಂತು, "ಉಚ್ಚೀ ಹೊಯ್ಯಾಕ ಸುದ್ದಾ ಬಿಡಂಗಿಲ್ಲೇನ ನೀ?"

ಸಂಜೆ ಪಡಸಾಲೆಯಲ್ಲಿ ಪಂಚಾಯಿತಿ ಕೂಡಿತು. ಹಿರಿಯ ಅಂತ ನನ್ನನ್ನೂ ಕರೆದರು. ವಿರೂಪಾಕ್ಷ ಕೆಟ್ಟವನಲ್ಲ; ಅದೇ ಅವನ ರೋಗ.

"ಬಾಯವ್ವ, ನಿಮ್ಮ ತಪ್ಪ ಐತಿ ಅನ್ನಂಗಿಲ್ಲ. ಆದ್ರ ಮಂದಿ ಏನಂತಾರ ಹೇಳ್ರಿ?"

"ಮಂದಿ ಅಪ್ಪಾರ ಜೋಡಿ ಬಚ್ಚಲಕ್ಕ ಬರತಾರೇನ್ರಿ?" ಎಂದಳು ಬಾಯವ್ವ. "ನಾ ಎತಗೊಂಡ ಹೋಗಬೌದಿತ್ರಿ. ಎತ್ತೋದು ಹಗರ ಕೆಲಸ. ಹತ್ತ ದಿನಾ ಎತ್ತಿದ್ರ ಆಮ್ಯಾಲ ಕಡೀತನಕ ಎತ್ತಬೇಕಾಗತೈತಿ."

"ಇರಲಿ ಅಕಿ," ಎಂದರು ಸಾವಕಾರರು. "ನನಗ ಅಕೀನ ಬೇಕು."

"ನಿನಗ ತಿಳಿಯಂಗಿಲ್ಲಣ್ಣಾ, ಸುಮ್ನ ಮಲ್ಕೋ," ಎಂದಳು ರಾಚವ್ವ.

ಬಜಾರವನ್ನು ಕೆಮ್ಮಿನಿಂದ ನಿಲ್ಲಿಸುತ್ತಿದ್ದವರು ಆ ಮಾತಿಗೆ ಸುಮ್ಮನಾದರು. ಎಲ್ಲರೂ ನನ್ನ ಮುಖ ನೋಡಿದರು. ಕಂಡದ್ದನ್ನೆಲ್ಲ ಹೇಳಬಹುದಿತ್ತು. "ಮನಿಯವರು ವಿಚಾರ ಮಾಡಿದಂಗ ಆಗಲಿ" ಎಂದೆ. ಮೂವತ್ತು ವರ್ಷ ಸಾಲಿಯಲ್ಲಿ ಹುಡುಗರಿಗೆ ಧೈರ್ಯದ ಪಾಠ ಮಾಡಿದವನು ನಾನು.

ಮರುದಿನ ಬಾಯವ್ವ ರಾಮದುರ್ಗದ ಬಸ್ಸು ಹತ್ತಿದಳು. ಅಲ್ಲಿ ಒಬ್ಬ ಮುದುಕಿ ಇದ್ದಳಂತೆ, ನಾಲ್ಕು ಜನ ಸೊಸೆಯಂದಿರು ಕೂಡಿ ನೋಡಿಕೊಳ್ಳುತ್ತಿದ್ದರಂತೆ. "ಭಾಳ ಅವಸರದ ಕೇಸ್ ಐತ್ರಿ ಮಾಸ್ತರ್ರ" ಎಂದು ನಕ್ಕಳು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಅವಳ ಜಾಗಕ್ಕೆ ಹುಬ್ಬಳ್ಳಿಯಿಂದ ಕಾಂತೇಶ ಎಂಬ ಗಟ್ಟಿ ಆಳು ಬಂದ. ಬಿಳಿ ಅಂಗಿ, ಕೈಗೆ ಗ್ಲೌಸು. ಸಾವಕಾರರನ್ನು ಕೂಸಿನಂತೆ ಎತ್ತುತ್ತಾನೆ, ಕೂಸಿಗೆ ಹಾಕುವುದನ್ನೇ ಹಾಕುತ್ತಾನೆ. ಬಚ್ಚಲಿನ ಮಾತೇ ಮುಗಿಯಿತು. ಬಂದವರೆಲ್ಲ ನೋಡಿ ತಲೆದೂಗಿದರು. ಸೇವೆ ಅಂದರೆ ಇದು ಎಂದು ಕಿತ್ತೂರಿನ ತನಕ ಹೆಸರಾಯಿತು.

ಮೂರು ತಿಂಗಳು ಕಳೆದು ಡಾಕ್ಟರು ಕಾಲು ನೋಡಿ, ಇನ್ನು ಇಷ್ಟೇ ಎಂದರು. ಆ ವಾರ ನಾನು ಹೋದಾಗ ಕೋಣೆ ತುಂಬ ನೆಂಟರಿದ್ದರು. ನಾಗರತ್ನಾ ಚಮಚದಿಂದ ಗಂಜಿ ಕುಡಿಸುತ್ತಿದ್ದಳು, ವಿರೂಪಾಕ್ಷ ಬಾಯಿ ಒರೆಸುತ್ತಿದ್ದ, ರಾಚವ್ವ ಕಾಲು ಒತ್ತುತ್ತಿದ್ದಳು. ಎಲ್ಲರೂ ಕೇಳುವುದನ್ನೇ ನಾನೂ ಕೇಳಿದೆ.

"ಹೆಂಗದೀರಿ ಕಾಕಾರ?"

ಸಾವಕಾರರು ನಿಧಾನಕ್ಕೆ ಎಲ್ಲರ ಮುಖ ನೋಡಿದರು.

"ಭಾಳ ಛಲೋ ನೋಡ್ಕೊಳ್ಳಾಕ ಹತ್ಯಾರಪಾ. ನನ್ನ ಕೆಲಸ ಎಲ್ಲಾ ಇವರ ಮಾಡತಾರ. ಸಾಯೋದೊಂದ ನನಗ ಬಿಟ್ಟಾರ."

ಎಲ್ಲರೂ ಬಿದ್ದು ಬಿದ್ದು ನಕ್ಕರು. "ನಮ್ಮಣ್ಣನ ಚಾಷ್ಟಿ ಇನ್ನೂ ಹೋಗಿಲ್ಲ ನೋಡ್ರಿ" ಎಂದು ರಾಚವ್ವ ಕಣ್ಣೊರೆಸಿಕೊಂಡಳು. ನಾಗರತ್ನಾ ಇನ್ನೊಂದು ಚಮಚ ಗಂಜಿ ಅವರ ಬಾಯಿಗೆ ಹಾಕಿದಳು.