ಸೊಟ್ಟ ಬಾಯಿಯ ಬೊಬ್ಬೆ

ನವನಗರ ಇನ್ನೂ ನಕಾಶೆಯಲ್ಲೇ ಇದ್ದ, ಬಾಗಲಕೋಟೆಯ ನಮ್ಮ ಓಣಿ ಇನ್ನೂ ಅಣೆಕಟ್ಟಿನ ನೀರಿಗೆ ಹೋಗದಿದ್ದ ದಿನಗಳವು. ನನಗೆ ಹತ್ತು ವರ್ಷ. ಸಂಕ್ರಾಂತಿಗೆ ಕೂಡಲಸಂಗಮಕ್ಕೆ ಹೋಗಿ, ಬರುವಾಗ ಬಸ್ಸಿನ ಕಿಟಕಿಗೆ ಮುಖವೊಡ್ಡಿ ಕುಳಿತಿದ್ದೆ. ಮರುದಿನ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನೇ ಸೋರಿತು. ಕನ್ನಡಿಯಲ್ಲಿ ಬಾಯಿ ಬಲಕ್ಕೆ ಸೊಟ್ಟಗಾಗಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ. ಅವ್ವ ಅತ್ತಳು. ಅಜ್ಜಿ "ಗಾಳಿ ಹೊಡದೈತಿ" ಎಂದು ತಲೆಗೆ ಮಫ್ಲರ್ ಸುತ್ತಿದಳು.

ನನ್ನ ಚಿಂತೆಯೇ ಬೇರೆ. ಹೋಳಿ ಹುಣ್ಣಿಮೆಗೆ ಎರಡು ತಿಂಗಳೂ ಇರಲಿಲ್ಲ. ಹಲಗಿ ಬಾರಿಸುವ ಹುಡುಗರು ಓಣಿ ತುಂಬ ಇದ್ದರು. ಬಾಯಿಗೆ ಕೈ ಬಡಿದು 'ಲಬೋ ಲಬೋ' ಎಂದು ಬೊಬ್ಬೆ ಹೊಡೆಯುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರಿರಲಿಲ್ಲ; ಹೋಳಿಯ ಗುಂಪಿನ ಮುಂದೆ ಯಾವಾಗಲೂ ನಾನೇ. ಈಗ ತುಟಿ ಕೂಡದೆ ಬರೀ ಉಗುಳು ಹಾರುತ್ತಿತ್ತು. ಗೆಳೆಯ ಮಲ್ಲ, "ಈ ಸಲ ನೀ ಹಲಗಿ ಹಿಡ್ಕೊಂಡು ಹಿಂದ ಬಾರಲೇ" ಅಂದದ್ದು ಎದೆಗೆ ನಾಟಿತು.

ದವಾಖಾನೆಯ ಗುಳಿಗೆ ನುಂಗಿದ್ದಾಯಿತು. ಆಮೇಲೆ ಅಪ್ಪ, ಅಜ್ಜಿ ಕೂಡಿ ನನ್ನನ್ನು ಸೂಜಿ ಡಾಕ್ಟರ ಹತ್ತಿರ ಕರೆದೊಯ್ದರು. ಅದಕ್ಕೆ ಅಕ್ಯುಪಂಕ್ಚರ್ ಅನ್ನುತ್ತಾರೆಂದು ಗೊತ್ತಾದದ್ದು ದೊಡ್ಡವನಾದ ಮೇಲೆ. ಕೂದಲಿನಷ್ಟು ತೆಳ್ಳನೆಯ ಸೂಜಿಗಳನ್ನು ಕೆನ್ನೆಗೆ, ಹುಬ್ಬಿನ ಹತ್ತಿರ, ಕೊನೆಗೆ ಹೆಬ್ಬೆರಳಿನ ಬುಡಕ್ಕೂ ಚುಚ್ಚಿದರು.

"ಸೊಟ್ಟ ಆಗಿದ್ದು ಬಾಯಿರಿ, ಕೈಗ್ಯಾಕ ಚುಚ್ಚತೀರಿ?" ಎಂದು ಅಜ್ಜಿ ಜಗಳಕ್ಕೇ ನಿಂತಳು.

ಡಾಕ್ಟರು ನಕ್ಕು ಅವಳಿಗೂ ಕೆಲಸ ಹಚ್ಚಿದರು. "ಗದ್ದದಿಂದ ಕಿವಿ ಕಡೆ, ಮ್ಯಾಲಕ್ಕ, ಹಗೂರಕ ತಿಕ್ಕರಿ ಅಮ್ಮಾ. ತುಟಿ ಕೂಡಿಸಿ ಆಡೋ ಮಾತು ದಿನಾ ಆಡಸ್ರಿ."

ದಿನಾ ಮುಂಜಾನೆ ಅಜ್ಜಿ ಬೆಚ್ಚಗಿನ ಕುಸುಬಿ ಎಣ್ಣೆಯಿಂದ ಕೆನ್ನೆ ತಿಕ್ಕಿ, ಅಪ್ಪ, ಬಸವ, ಮಾಮಾ ಎಂದು ಹೇಳಿಸುತ್ತಿದ್ದಳು. ನಾಚಿಕೆಯಿಂದ ನಾನು ಬಾಯೇ ಬಿಡುತ್ತಿರಲಿಲ್ಲ. ಬೇಸತ್ತು ಒಂದು ದಿನ, "ಹೋಗ್ಲಿ, ನಿನ್ನ ಲಬೋನರ ಹೊಡಿ" ಅಂದಳು. ಹೋಳಿ ಬಿಟ್ಟು ಬೇರೆ ದಿನ ಹಾಗೆ ಹೊಯ್ದುಕೊಳ್ಳುವುದು ಸತ್ತವರ ಮನೆಯಲ್ಲಷ್ಟೇ ಎಂದು ಅದೇ ಅಜ್ಜಿ ನನಗೆ ಎಷ್ಟು ಸಲ ಬೈದಿದ್ದಳೋ!

ಐದನೇ ವಾರ ತುಟಿ ಕೂಡಿತು. 'ಬೋ' ಗುಂಡಗೆ, ಗಟ್ಟಿಯಾಗಿ ಹೊರಟಿತು. ನಾನು ನಿಲ್ಲಿಸಲೇ ಇಲ್ಲ. ಸಂತೋಷ ತಡೆಯಲಾರದೆ ಅಜ್ಜಿಯೂ ಬಾಯಿ ಬಡಿದುಕೊಂಡು ದನಿಗೂಡಿಸಿದಳು.

ಕ್ಷಣದಲ್ಲಿ ಓಣಿಗೆ ಓಣಿಯೇ ನಮ್ಮ ಬಾಗಿಲಲ್ಲಿತ್ತು. ರೊಟ್ಟಿ ಬಡಿಯುತ್ತಿದ್ದ ಎದುರು ಮನೆಯ ಗಂಗಕ್ಕ ಹಿಟ್ಟಿನ ಕೈಯಲ್ಲೇ ಅಳುತ್ತ ಬಂದಿದ್ದಳು. "ಯಾರು ಹೋದ್ರ ಯವ್ವಾ?"

"ಯಾರೂ ಹೋಗಿಲ್ಲ! ನನ್ನ ಮೊಮ್ಮಗನ ಬಾಯಿ ನೆಟ್ಟಗಾತು, ಕೇಳ್ರಿ!"

ಅಷ್ಟೂ ಜನರ ಮುಂದೆ ಮತ್ತೊಮ್ಮೆ ಹೊಡೆದೆ. ಗಂಗಕ್ಕ ಬೈಯುತ್ತ, ನಗುತ್ತ ನನ್ನ ಕೆನ್ನೆಗೆಲ್ಲ ಹಿಟ್ಟು ಮೆತ್ತಿದಳು. ಆ ಹೋಳಿಯಲ್ಲಿ ಹಲಗಿ ಹಿಡಿದು ಹಿಂದೆ ಬಂದವನು ಮಲ್ಲ.

ಗುಣವಾದದ್ದು ಗುಳಿಗೆಯಿಂದಲೋ, ಸೂಜಿಯಿಂದಲೋ, ಅಜ್ಜಿಯ ಕೈಯಿಂದಲೋ, ಇಂದಿಗೂ ಗೊತ್ತಿಲ್ಲ. ಅಜ್ಜಿ ಹೋದಳು, ಓಣಿ ಹಿನ್ನೀರಿನ ಪಾಲಾಯಿತು. ನವನಗರದಲ್ಲಿ ನಮ್ಮದೀಗ ಚೆಂದದ ಮನೆ, ಅಗಲವಾದ ರಸ್ತೆ, ನೆರೆಯವರೂ ಒಳ್ಳೆಯವರೇ. ಇಲ್ಲಿ ಲಬೋ ಎಂದರೆ ಅವರು ಕಿಟಕಿ ಮುಚ್ಚಿಕೊಳ್ಳುತ್ತಾರೆ.