ಮೆತ್ವಲ್ಲಿಯ ಕೊಸರು

ಹಾಮೂಲ್ ಎಂಬ ಊರಿನ ಮೀನುಕೊಳಗಳ ಸಾಲಿನಲ್ಲಿ ಮೆತ್ವಲ್ಲಿಯಷ್ಟು ಧಾರಾಳಿ ಇನ್ನೊಬ್ಬನಿರಲಿಲ್ಲ. ಮೀನು ತೂಗಿಕೊಟ್ಟ ಮೇಲೆ ಬರಕತ್ತಿಗೆಂದು ಎರಡು ಮೀನು ಕೊಸರು ಹಾಕದಿದ್ದರೆ ಅವನ ಜೀವಕ್ಕೆ ಸಮಾಧಾನವಿಲ್ಲ. ಚಹಾಕ್ಕೆ ಸಕ್ಕರೆ, ಕತ್ತೆಗೆ ಹುಲ್ಲು, ಎಲ್ಲಕ್ಕೂ ಮೇಲೊಂದಿಷ್ಟು ಬೀಳಲೇಬೇಕು.

"ಹಾಜಿ, ನಿಮ್ಮನೇಲಿ ಚಹಾ ಕುಡಿದ್ರೆ ಎರಡು ದಿನ ತುಟಿ ಅಂಟ್ಕೊಂಡೇ ಇರುತ್ತೆ" ಎಂದು ಪಕ್ಕದ ಕೊಳದ ಶಹಾತ ರೇಗಿಸುತ್ತಿದ್ದ.

ಮೆತ್ವಲ್ಲಿಯ ಮನೆಯ ಹಿಂದಿನ ಸಣ್ಣ ಕೊಳದಲ್ಲಿ ಅವನ ಹೆಂಡತಿ ಬಹೀಗಾಳ ತಾಯಿಮೀನುಗಳಿದ್ದವು. ಹನ್ನೊಂದು ವರ್ಷ ಆರಿಸಿ ಆರಿಸಿ ಅವಳು ಬೆಳೆಸಿದ ಬುಲ್ತಿ, ಅಂದರೆ ತಿಲಾಪಿಯಾ ಮೀನಿನ ತಳಿ. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಆ ತಳಿಯೊಂದು ಉಳಿದರೆ ಸಾಕು, ಮೆತ್ವಲ್ಲಿಗೆ ಬೇರೇನೂ ಬೇಕಿರಲಿಲ್ಲ. ಈ ವಸಂತದಲ್ಲಿ ಮರಿಗಳು ಹುಟ್ಟುಹುಟ್ಟುತ್ತಲೇ ಸಾಯತೊಡಗಿದಾಗ, ಮೀನು ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುವ ಮಗಳು ನಶ್ವಾ ಒಂದು ಡಬ್ಬಿ ಕೆಂಪು ಪುಡಿ ತಂದಳು. ನ್ಯಾನೊ ಸೆಲೆನಿಯಂ, ಕಣ್ಣಿಗೆ ಕಾಣದಷ್ಟು ನುಣ್ಣಗಿನ ಕಣಗಳಾಗಿಸಿದ ಖನಿಜ. ತಾಯಿ ತಿಂದರೆ ಮರಿಗೆ ಬಲ.

"ಅಪ್ಪಾ, ಒಂದು ಮೂಟೆ ಮೇವಿಗೆ ಈ ಚಮಚದಲ್ಲಿ ಒಂದೇ ಒಂದು. ಅದೂ ಮೇಲಿನದ್ದು ಸವರಿ ಮಟ್ಟ ಮಾಡಿ. ಗೊತ್ತಾಯ್ತಾ?"

"ಆಯ್ತಮ್ಮಾ. ಮೇವು ಕಲಸೋದನ್ನ ಈಗ ನೀನು ನನಗೆ ಹೇಳ್ಕೊಡ್ತೀಯಾ?"

ಅವಳು ಬಸ್ಸು ಹತ್ತಿದಳು. ಅವನು ಚಮಚದಲ್ಲಿ ಸರಿಯಾಗಿಯೇ ಅಳೆದು ಹಾಕಿದ. ಆಮೇಲೆ, ಬಹೀಗಾಳ ಮೀನಿಗೆ ನಾನು ಜಿಪುಣತನ ಮಾಡುವುದೇ ಎನಿಸಿತು. ಬಿಸ್ಮಿಲ್ಲಾ ಎಂದು ಮೇಲೊಂದು ಹಿಡಿ ಸುರಿದ. ನಾಲ್ಕನೇ ದಿನ ಮೀನುಗಳು ಮಂಕಾದವು. ಬಲ ಸಾಲದೆಂದುಕೊಂಡು ಇನ್ನೊಂದು ಹಿಡಿ ಕಲಸಿದ. ಪುಣ್ಯಾತ್ಮ, ಮಗಳಿಗೊಂದು ಫೋನು ಮಾಡಿ ಕೇಳಬಾರದಿತ್ತೇ?

ಒಂಬತ್ತನೇ ದಿನ ನಶ್ವಾ ಬಂದಾಗ ಕೊಳದ ತುಂಬ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವಳು ಡಬ್ಬಿಯ ಮುಚ್ಚಳ ತೆಗೆದಳು. ತಳ ಕಾಣುತ್ತಿತ್ತು.

"ಎಷ್ಟು ಹಾಕಿದೆ ಅಪ್ಪಾ?"

"ನೀನ್ ಹೇಳಿದಷ್ಟೇ ಕಣಮ್ಮಾ... ಮೇಲೆ ಸ್ವಲ್ಪ ಕೊಸರು."

ಅವಳು ದಂಡೆಯ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. "ಹೆಚ್ಚಾದ್ರೆ ಅದೇ ವಿಷ ಅಪ್ಪಾ. ಅಯ್ಯೋ, ಅಮ್ಮನ ಮೀನು..."

ಅಪ್ಪ ಮಗಳು ಸೇರಿ ಬಲೆ ಎಳೆದರು. ಮೂಲೆಯಲ್ಲಿ ಒಂದೇ ಒಂದು ಹೆಣ್ಣು ಮೀನು ಗಲ್ಲ ಉಬ್ಬಿಸಿಕೊಂಡು ಉಸಿರಾಡುತ್ತಿತ್ತು. ಮೊಟ್ಟೆಯನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುವ ಜಾತಿ ಇದು, ಅಷ್ಟು ದಿನವೂ ಏನನ್ನೂ ತಿನ್ನುವುದಿಲ್ಲ.

"ಇದು ಮೇವು ಮುಟ್ಟಿಲ್ಲ ಅಪ್ಪಾ. ಅದಕ್ಕೇ ಉಳ್ಕೊಂಡಿದೆ" ಎಂದಳು ನಶ್ವಾ. ಸಮಾಧಾನಕ್ಕೆಂದೇ ಹೇಳಿದ್ದು, ಆದರೆ ಆ ಮಾತು ನೇರವಾಗಿ ಅವನ ಎದೆಗೆ ನಾಟಿತು. ಅವನು ಸಂಜೆಯವರೆಗೂ ಗುಂಡಿ ತೋಡಿ ಸತ್ತ ಮೀನುಗಳನ್ನೆಲ್ಲ ಮುಚ್ಚಿದ.

ಆ ತಾಯಿಯನ್ನು ತೊಟ್ಟಿಯ ಹೊಸ ನೀರಿಗೆ ಬಿಟ್ಟರು. ಐದು ದಿನದ ಮೇಲೆ ಅದು ಬಾಯಿಂದ ಮರಿಗಳನ್ನು ಹೊರಗೆ ಬಿಟ್ಟು, ಹಸಿದು, ಅವನ ನೆರಳು ಕಂಡದ್ದೇ ಮೇಲಕ್ಕೆ ಬಂತು. ಮೆತ್ವಲ್ಲಿ ಪುಡಿ ಬೆರೆಸದ ಮೇವನ್ನೇ ಬೊಗಸೆಗೆ ತೆಗೆದುಕೊಂಡು ಬಗ್ಗಿದ. ನೀರಿನ ತನಕ ತಂದ ಬೊಗಸೆಯನ್ನು ಬಿಚ್ಚದೆ ಹಿಂದೆ ತೆಗೆದ. ಮೀನು ಬಾಯಿ ತೆರೆದು ಕಾಯುತ್ತಿತ್ತು.

"ನೀನೇ ಹಾಕಮ್ಮಾ" ಎಂದು ಮೇವನ್ನು ಮಗಳ ಅಂಗೈಗೆ ಸುರಿದ. "ಇದಾದ್ರೂ ಬದುಕ್ಲಿ."