ಎರಡು ಸೆಕೆಂಡಿನಲ್ಲಿ ಒಂದು ಮುಖ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಶಿಕಾಗೋದ ದಕ್ಷಿಣ ಭಾಗದ ಇಟ್ಟಿಗೆ ಮನೆಯೊಂದರಲ್ಲಿ ಓಜೆಲ್ಲಾ ಪ್ರೂಟ್ ಫ್ರಿಜ್ಜಿನ ಪ್ಲಗ್ ಕಿತ್ತು, ಮನೆಯ ಬೀಗದ ಕೈಯನ್ನು ಫ್ರಿಜ್ಜಿನೊಳಗೆ ಹಾಲಿನ ಪಕ್ಕ ಇಟ್ಟು ಬಾಗಿಲು ಮುಚ್ಚುತ್ತಾರೆ.

"ಅದರ ಗುಂಯ್ ಸದ್ದು ಮೈಕಿಗೆ ಬೀಳುತ್ತೆ, ಅದಕ್ಕೆ ಆರಿಸೋದು. ಒಂದು ಸಲ ಮತ್ತೆ ಹಾಕೋದು ಮರೆತು ಹೊರಗೆ ಹೋಗಿಬಿಟ್ಟೆ. ಭಾನುವಾರಕ್ಕೆ ಅಂತ ತಂದಿದ್ದ ಕೋಳಿಯೆಲ್ಲ ಹಾಳು. ಈಗ ಹೊರಗೆ ಕಾಲಿಡಬೇಕು ಅಂದ್ರೆ ಫ್ರಿಜ್ ತೆಗೀಲೇಬೇಕು."

ಆಮೇಲೆ ಹಸಿರು ಸೇಬಿನ ಒಂದು ಹೋಳು. ಬಾಯಿ ಒಣಗಿದರೆ ನಾಲಿಗೆ ಚಟಪಟ ಅನ್ನುತ್ತದೆ. ಕೊನೆಗೆ ಚಳಿಗಾಲದ ಕೋಟುಗಳನ್ನು ತೂಗುಹಾಕಿದ ಗೂಡಿನಂಥ ಕೋಣೆಗೆ ನುಗ್ಗಿ, ಬಾಗಿಲಿಗೆ ಕೌದಿ ಎಳೆದುಕೊಂಡು ಕೂರುತ್ತಾರೆ. ಮಿಡ್‌ವೇ ನಿಲ್ದಾಣದ ವಿಮಾನಗಳು ಆರಕ್ಕೆಲ್ಲ ತಲೆಯ ಮೇಲೆ ಹಾರಲು ಶುರುಮಾಡುತ್ತವೆ. ಅಷ್ಟರೊಳಗೆ ಕೆಲಸ ಮುಗಿಯಬೇಕು.

ಕಣ್ಣು ಕಾಣದವರಿಗೆ ಸಿನಿಮಾ ಹೇಳುವುದು ಅವರ ಕೆಲಸ. ಪಾತ್ರಗಳು ಮಾತು ನಿಲ್ಲಿಸಿದ ಸಂದಿಯಲ್ಲಿ, ತೆರೆಯ ಮೇಲೆ ಏನಾಗುತ್ತಿದೆ ಎಂದು ಹೇಳಿ ಮುಗಿಸಬೇಕು. ಒಂದು ಸಿನಿಮಾದಲ್ಲಿ ಇಂಥ ಎಂಟುನೂರು ಸಂದಿಗಳು. ಸೆಕೆಂಡಿಗೆ ಎರಡು, ಹೆಚ್ಚೆಂದರೆ ಮೂರು ಪದ. ಒಂದು ನಿಮಿಷದ ಚಿತ್ರಕ್ಕೆ ಒಂದು ಗಂಟೆಯ ದುಡಿಮೆ.

ಇವತ್ತಿಗೆ ಉಳಿದಿರುವ ಸಂದಿ ಎರಡು ಸೆಕೆಂಡಿನದು. ದೊಡ್ಡ ಕಂಪನಿಯ ಸಿನಿಮಾ. ಆಸ್ಪತ್ರೆಯಲ್ಲಿ ಸರ್ಜನ್ ಒಬ್ಬಳು ಕೈಗವಸು ತೊಡುತ್ತಾಳೆ. ಅವಳು ಕಪ್ಪು ಮಹಿಳೆ. ಇದನ್ನು ಹೇಳಬೇಕೇ, ಬಿಡಬೇಕೇ? ಕಂಪನಿಯ ಚೀಟಿ ಬಂದಿದೆ: 'ಬಣ್ಣ ಕಥೆಗೆ ಬೇಕಾಗಿಲ್ಲ, ತೆಗೆಯಿರಿ.' ಒಂಬತ್ತು ಗಂಟೆಗೆ ಧ್ವನಿ ತಲುಪಬೇಕು. ಹಟ ಹಿಡಿದರೆ ಮುಂದಿನ ಸಿನಿಮಾ ಇವರ ಕೈಗೆ ಬರುವುದು ಅನುಮಾನ.

ಓಜೆಲ್ಲಾ ಎರಡೂ ಬಗೆಯಲ್ಲಿ ಓದಿ ಇಟ್ಟುಕೊಳ್ಳುತ್ತಾರೆ. "ಸರ್ಜನ್ ಕೈಗವಸು ತೊಡುತ್ತಾಳೆ." ಇದು ಆರಾಮಾಗಿ ಕೂರುತ್ತದೆ. "ಸರ್ಜನ್, ಕಪ್ಪು ಮಹಿಳೆ, ಕೈಗವಸು ತೊಡುತ್ತಾಳೆ." ಇದಕ್ಕೆ ಉಸಿರು ಬಿಗಿಹಿಡಿಯಬೇಕು. ನಾಲ್ಕನೆಯ ಸಲಕ್ಕೆ ಕೂರುತ್ತದೆ.

ಅವರಿಗೀಗ ಐವತ್ತೆಂಟು. ಹತ್ತೊಂಬತ್ತು ವರ್ಷ ಶಾಲಾ ಬಸ್ಸುಗಳ ಡ್ರೈವರುಗಳಿಗೆ ವೈರ್‌ಲೆಸ್‌ನಲ್ಲಿ ದಾರಿ ಹೇಳುತ್ತಿದ್ದರು. "ಹಿಮದಲ್ಲಿ ಸಿಕ್ಕಿಹಾಕ್ಕೊಂಡ ಡ್ರೈವರಿಗೆ ಕಥೆ ಕೇಳೋ ತಾಳ್ಮೆ ಇರುತ್ತಾ? ಎಡಕ್ಕೆ, ಬಲಕ್ಕೆ, ನಿಲ್ಲಿಸು. ಅಷ್ಟೇ. ಬಾಯಿಗೆ ಬೀಗ ಹಾಕೋದು ಅಲ್ಲೇ ಕಲಿತೆ."

ಈ ಕೆಲಸಕ್ಕೆ ಅವರನ್ನು ಎಳೆದು ತಂದದ್ದು ಕಪ್ಪು ಜನರೇ ಸೇರುವ ಅವರ ಚರ್ಚಿನ ಮೆಟ್ಟಿಲು. ಹನ್ನೊಂದು ವರ್ಷದ ಹಿಂದೆ ಅಲ್ಲಿಯ ನೆಲಮಾಳಿಗೆಯಲ್ಲಿ ಊರಿನದೇ ಹುಡುಗಿಯೊಬ್ಬಳು ಪುಡಿಗಾಸಿನಲ್ಲಿ ಮಾಡಿದ ಬಾಹ್ಯಾಕಾಶದ ಚಿತ್ರ ತೋರಿಸಿದ್ದರು. ಕಣ್ಣಿನ ಒತ್ತಡದ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡಿದ್ದ ಚರ್ಚಿನ ಹಿರಿಯ, ಡೀಕನ್ ಹೊಸೀಯಾ ಟಿಲ್ಲರಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ವಿವರಣೆ ಕೇಳುತ್ತ ಚಿತ್ರ ಮುಗಿಸಿದರು. ಹೊರಬರುವಾಗ ಮುಂದಿದ್ದ ಹೆಂಗಸರು, ಬಾಹ್ಯಾಕಾಶದ ಹಡಗು ನಡೆಸಿದವಳು ಥೇಟ್ ನಮ್ಮ ಅತ್ತೆಯ ಹಾಗೇ ತಲೆಗೆ ಬಟ್ಟೆ ಕಟ್ಟಿದ್ದಳು ಎಂದು ನಗುತ್ತಿದ್ದರು. ಡೀಕನ್ ಮೆಟ್ಟಿಲ ಮೇಲೇ ನಿಂತುಬಿಟ್ಟರು.

"ಕ್ಯಾಪ್ಟನ್ ನಮ್ಮವಳಾ? ಯಾರೂ ಹೇಳಲೇ ಇಲ್ವಲ್ಲ. ಎರಡು ಗಂಟೆ ಹೊತ್ತು ತಲೆಯೊಳಗೆ ಯಾವಳೋ ಬಿಳಿಯವಳನ್ನ ಕೂರಿಸ್ಕೊಂಡಿದ್ದೆ."

ಅವತ್ತು ಅವರ ತೋಳು ಹಿಡಿದಿದ್ದವರು ಓಜೆಲ್ಲಾ. "ಹೇಳದೆ ಬಿಟ್ರೆ ಯಾವ ಬಣ್ಣಾನೂ ಬರಲ್ಲ ಅಂತ ಇವರ ಲೆಕ್ಕ. ಬರುತ್ತೆ. ಬಿಳಿ ಬರುತ್ತೆ," ಎನ್ನುತ್ತಾರೆ.

ಏಳಕ್ಕೆ ಡೀಕನ್ ಬರುತ್ತಾರೆ, ಕೋಲು ಮುಂದೆ, ಹೆಂಡತಿ ಕಟ್ಟಿಕೊಟ್ಟ ಬಿಸ್ಕತ್ತಿನ ಡಬ್ಬಿ ಕಂಕುಳಲ್ಲಿ. ಓಜೆಲ್ಲಾರ ಮೊದಲ ಕೇಳುಗ ಅವರೇ. ಚರ್ಚಿನ ರೂಢಿಯಂತೆ ಓಜೆಲ್ಲಾರನ್ನು ಸಿಸ್ಟರ್ ಎಂದೇ ಕರೆಯುತ್ತಾರೆ.

"ಸಿಸ್ಟರ್ ಪ್ರೂಟ್, ಇವತ್ತಾದ್ರೂ ನಿದ್ದೆ ಬರದ ಹಾಗೆ ಓದಿದೀಯಾ?"

"ಡೀಕನ್, ನೀವು ಪಾದ್ರಿಗಳ ಉಪದೇಶಕ್ಕೇ ಗೊರಕೆ ಹೊಡೆಯೋರು. ಕೂತ್ಕೊಳ್ಳಿ."

ಎರಡೂ ಕೇಳಿಸುತ್ತಾರೆ. ಎರಡನೆಯದಕ್ಕೆ ಡೀಕನ್ ಬಿಸ್ಕತ್ತಿಗೆ ಜಾಮ್ ಸವರುತ್ತಿದ್ದ ಚಾಕು ಕೆಳಗಿಡುತ್ತಾರೆ.

"ಕಥೆಗೆ ಬೇಕಾಗಿಲ್ವಂತೆ," ಎನ್ನುತ್ತಾರೆ ಓಜೆಲ್ಲಾ.

"ಇರಬಹುದು. ನನಗೆ ಬೇಕು. ಆದ್ರೆ ಅವಳೊಬ್ಬಳದೇ ಹೇಳಿ ಉಳಿದೋರದು ಬಿಟ್ರೆ, ಅದು ಬೆರಳು ಮಾಡಿ ತೋರಿಸಿದ ಹಾಗಾಗಲ್ವಾ ತಾಯಿ?"

ಈ ಮಾತಿಗೆ ಓಜೆಲ್ಲಾ ತಯಾರಾಗಿಯೇ ಇದ್ದಾರೆ. ವಾರವಿಡೀ ಕೂತು ಮುಖ್ಯ ಪಾತ್ರಗಳು ಏಳಕ್ಕೂ ಸಂದಿ ಹುಡುಕಿದ್ದಾರೆ. ನಾಯಕ: 'ಬಿಳಿಯ, ನಲವತ್ತರ ಆಸುಪಾಸು.' ಅವನ ತಾಯಿ, ನೆರೆಯವ, ಎಲ್ಲರಿಗೂ ಒಂದೇ ನ್ಯಾಯ. ಎಂಟೂಕಾಲಿಗೆ ಕಳಿಸಿಬಿಡುತ್ತಾರೆ, ಕಪ್ಪು ಮಹಿಳೆ ಇರುವುದನ್ನೇ.

ಇಪ್ಪತ್ತೈದು ನಿಮಿಷಕ್ಕೆ ಫೋನು. ಕಂಪನಿಯ ಹುಡುಗಿ ಸರ್ಜನ್ ವಿಷಯ ಎತ್ತುವುದೇ ಇಲ್ಲ.

"ಮಿಸ್ ಪ್ರೂಟ್, ನಾಯಕನಿಗೆ ಬಿಳಿಯ ಅಂತ ಯಾಕೆ ಹಾಕಿದೀರಿ? ಅದು ಎಲ್ಲರಿಗೂ ಗೊತ್ತೇ ಇದೆಯಲ್ಲ."

"ಎಲ್ಲರಿಗೂ ಅಂದ್ರೆ ಯಾರಿಗಮ್ಮ? ನನ್ನ ಎದುರಿಗೆ ಒಬ್ಬರು ಕೂತಿದಾರೆ, ಅವರಿಗೆ ಗೊತ್ತಿಲ್ಲ."

ಓಜೆಲ್ಲಾರ ಲೆಕ್ಕದಲ್ಲಿ ಉತ್ತರ ಬರುವ ಮುಂಚಿನ ಸಂದಿಯಲ್ಲಿ ಹತ್ತು ಪದ ಹಿಡಿಯುತ್ತಿತ್ತು.

"ಈ ಸಲ ಇರಲಿ," ಎನ್ನುತ್ತದೆ ಫೋನು. "ಮುಂದಿನ ಸಿನಿಮಾ ಬಗ್ಗೆ ಆಮೇಲೆ ಹೇಳ್ತೀವಿ."

ಆಮೇಲೆ ಎಂದರೆ ಏನೆಂದು ಇಬ್ಬರಿಗೂ ಗೊತ್ತು. ಓಜೆಲ್ಲಾ ಎದ್ದು ಫ್ರಿಜ್ಜಿನ ಪ್ಲಗ್ ಹಾಕಿ, ತಣ್ಣಗಿದ್ದ ಬೀಗದ ಕೈಯನ್ನು ಜೇಬಿಗೆ ಇಳಿಸುತ್ತಾರೆ. ಬೇಸರವಿಲ್ಲವೇ ಎಂದರೆ ಅವರಿಗಿರುವ ಬೇಸರವೇ ಬೇರೆ.

"ಇನ್ನರ್ಧ ಸೆಕೆಂಡ್ ಸಿಕ್ಕಿದ್ರೆ ಆ ಸರ್ಜನ್ ಹಾಕ್ಕೊಂಡಿರೋ ಟೊಪ್ಪಿನೂ ಹೇಳ್ತಿದ್ದೆ."

"ಈಗ ಹೇಳು," ಎನ್ನುತ್ತಾರೆ ಡೀಕನ್. "ಈಗ ಯಾರು ಗಡಿಯಾರ ಹಿಡ್ಕೊಂಡಿದಾರೆ?"

ಓಜೆಲ್ಲಾ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ಹಳದಿ ಟೊಪ್ಪಿ, ಸಣ್ಣ ಸಣ್ಣ ಹೂವಿನದು. ಜಡೆಗಳನ್ನೆಲ್ಲ ಅದರೊಳಗೆ ತುಂಬಿದಾಳೆ. ಒಂದು ಮಾತ್ರ ಒಳಗೆ ಹೋಗಲ್ಲ ಅಂತ ಹಟ ಮಾಡಿ ಕಿವಿ ಪಕ್ಕ ಇಳಿಬಿದ್ದಿದೆ."